ಪವರ್ ಸಪ್ಲೈ ಕೆಟ್ಟಿದೆ ಎನ್ನುವ ಮುನ್ನ ಗೋಡೆಯತ್ತ ನೋಡಿ

ಕೋಲಾರದಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋದ ಪವರ್ ಸಪ್ಲೈಗಳಲ್ಲಿ ಒಳ್ಳೆಯ ಪಾಲು ಏನೂ ರಿಪೇರಿಯಾಗದೆ ವಾಪಸು ಬರುತ್ತವೆ. ಅಂಗಡಿಯವನು ಪ್ಲಗ್ ಚುಚ್ಚುತ್ತಾನೆ, 12 ವೋಲ್ಟ್ ಇಡುತ್ತಾನೆ, ಕಾರಿನ ಬಲ್ಬೊಂದನ್ನು ಹೊತ್ತಿಸಿ ತೋರಿಸುತ್ತಾನೆ, ನೋಡಿದ್ದಕ್ಕೆ ದುಡ್ಡು ತೆಗೆದುಕೊಳ್ಳುತ್ತಾನೆ. ಊರಿಗೆ ತಂದು ಅದೇ ಮೇಜಿನ ಮೇಲಿಟ್ಟು ಅದೇ ಸಾಕೆಟ್ಟಿಗೆ ಹಾಕಿದರೆ ಮತ್ತೆ ಅದೇ ಕಾಯಿಲೆ. ಏಕೆಂದರೆ ಕಾಯಿಲೆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಗೋಡೆಯಲ್ಲಿತ್ತು, ತಂತಿಯಲ್ಲಿತ್ತು, ಇಲ್ಲವೇ ಮುಂಭಾಗದ ಮೂರು ಟರ್ಮಿನಲ್‌ಗಳನ್ನು ಜೋಡಿಸಿದ ರೀತಿಯಲ್ಲಿತ್ತು.

ಇಲ್ಲಿ ಹೇಳುತ್ತಿರುವುದು ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ, ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 0–30 ವೋಲ್ಟ್, 2ರಿಂದ 5 ಆಂಪ್‌ನ, ಒಂದು ಅಥವಾ ಎರಡು ಚಾನೆಲ್‌ನ ಡಿ.ಸಿ. ಸಪ್ಲೈ ಬಗ್ಗೆ, ಅಂದರೆ ಗೋಡೆಯ ಎ.ಸಿ. ಕರೆಂಟನ್ನು ಬೇಕಾದಷ್ಟು ವೋಲ್ಟಿನ ಡಿ.ಸಿ. ಮಾಡಿ ಕೊಡುವ ಪೆಟ್ಟಿಗೆಯ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬೋರ್ಡು, ಡೇರಿಯ ಹಾಲು ಪರೀಕ್ಷಿಸುವ ಯಂತ್ರ, ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಎಲ್ಲವೂ ರಿಪೇರಿಗೆ ಬಂದು ಕೂರುವುದು ಇಂಥದೊಂದು ಸಪ್ಲೈಯ ಮುಂದೆ.

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಈ ಕೈಪಿಡಿಯ ಯಾವ ಹಂತದಲ್ಲೂ ಪೆಟ್ಟಿಗೆಯ ಮುಚ್ಚಳ ತೆಗೆಯುವ ಕೆಲಸವಿಲ್ಲ. ಸ್ವಿಚಿಂಗ್ ಬಗೆಯ ಸಪ್ಲೈಯೊಳಗೆ 230 ವೋಲ್ಟ್ ಎ.ಸಿ. ನೇರವಾಗಿ ರೆಕ್ಟಿಫೈ ಆಗಿ, ಸುಮಾರು 325 ವೋಲ್ಟ್ ಡಿ.ಸಿ.ಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಸ್ಕ್ರೂಡ್ರೈವರ್ ಕೈಯಲ್ಲಿದೆ ಎಂಬ ಒಂದೇ ಕಾರಣಕ್ಕೆ ತಿರುಪು ಬಿಚ್ಚುವವರಿಗೆ ಈ ಬರಹದಿಂದ ಉಪಯೋಗವಿಲ್ಲ.

ಸಾಕೆಟ್ಟಿನಲ್ಲಿ ಮೂರು ಅಳತೆ

ಸಪ್ಲೈಯನ್ನು ಪಕ್ಕಕ್ಕಿಡಿ. ಮಲ್ಟಿಮೀಟರನ್ನು ಎ.ಸಿ. ವೋಲ್ಟಿನ ಅತಿ ದೊಡ್ಡ ಶ್ರೇಣಿಗೆ ತಿರುಗಿಸಿ. ಪ್ರೋಬುಗಳ ತಂತಿಯಲ್ಲಿ ಸೀಳು ಬಿಟ್ಟಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಅರ್ತ್ ರಂಧ್ರ ಮೇಲಿರುವಂತೆ ಎದುರು ನಿಂತು ನೋಡಿದರೆ ನಮ್ಮ ಸಾಕೆಟ್ಟುಗಳಲ್ಲಿ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಬಂದರೆ ಮುಂದೆ ಹೋಗಬಹುದು.

ಹಾಗೆ ಬರದಿದ್ದರೆ ಆ ಅಂಕಿಗಳೇ ಮಾತಾಡುತ್ತವೆ. ಫೇಸ್ ಎಡಗಡೆ ಸಿಕ್ಕಿದರೆ ವೈರಿಂಗ್ ಅದಲುಬದಲಾಗಿದೆ. ಯಂತ್ರವೇನೋ ಓಡುತ್ತದೆ, ಆದರೆ ಒಂದೇ ತಂತಿಯನ್ನು ಕತ್ತರಿಸುವ (ಸಿಂಗಲ್ ಪೋಲ್) ಸ್ವಿಚ್ಚಿದ್ದರೆ ಅದು ಕತ್ತರಿಸುವುದು ನ್ಯೂಟ್ರಲನ್ನು. ಅಂದರೆ ಆಫ್ ಮಾಡಿದ ಸಪ್ಲೈಯೊಳಗೆ ಫೇಸ್ ಜೀವಂತವಾಗಿರುತ್ತದೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಇಪ್ಪತ್ತು, ಮೂವತ್ತು ವೋಲ್ಟ್ ಕಂಡರೆ ಎರಡರಲ್ಲಿ ಒಂದು ಎಲ್ಲೋ ಸಡಿಲವಾಗಿದೆ. ಫೇಸ್ ಮತ್ತು ಅರ್ತ್ ನಡುವೆ ಒಮ್ಮೆ 90, ಇನ್ನೊಮ್ಮೆ 140 ಎಂದು ಅಂಕಿ ಅಲೆದಾಡುತ್ತಿದ್ದರೆ ಅರ್ತ್ ತಂತಿ ಎಲ್ಲಿಗೂ ಸೇರಿಲ್ಲ. ಇವೆಲ್ಲಕ್ಕಿಂತ ನನಗೆ ಅನುಮಾನ ಹುಟ್ಟಿಸುವುದು ಸಾಲಿನಲ್ಲಿ ಬೇರೆ ಯಂತ್ರಗಳು ಓಡುತ್ತಿರುವಾಗಲೂ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಬರುವ ಅಚ್ಚುಕಟ್ಟಾದ ಸೊನ್ನೆ. ಅರ್ತ್ ಇಲ್ಲದ ಕಡೆ ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಒಂದು ತುಂಡು ತಂತಿ ಎಳೆದು ಅರ್ತ್ ಪಿನ್ನಿಗೆ ಕೊಟ್ಟಿರುವ ಸಂದರ್ಭಗಳಿವೆ. ಪರಿಶೀಲನೆಗೆ ಬಂದವರ ಟೆಸ್ಟರಿಗೆ ಅದು ಸರಿಯಾಗಿಯೇ ಕಾಣುತ್ತದೆ. ನ್ಯೂಟ್ರಲ್ ತುಂಡಾದ ದಿನ ಆ ಸಾಲಿನ ಎಲ್ಲ ಸಪ್ಲೈಗಳ ಕಬ್ಬಿಣದ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತದೆ.

ಅರ್ತ್ ಪರೀಕ್ಷಿಸಲು ಹಳೆಯ ಎಲೆಕ್ಟ್ರೀಷಿಯನ್‌ಗಳು ನೂರು ವ್ಯಾಟ್ ಬಲ್ಬನ್ನು ಫೇಸ್ ಮತ್ತು ಅರ್ತ್ ನಡುವೆ ಹಿಡಿಯುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನು ಮಾಡಬೇಡಿ. ಅರ್ತ್ ತಂತಿ ಮುಂದೆಲ್ಲೋ ಕಡಿದಿದ್ದರೆ, ಬಲ್ಬಿನ ಮೂಲಕ ಹೋದ ಫೇಸ್ ಅದೇ ತಂತಿಗೆ ಸೇರಿದ ಎಲ್ಲ ಯಂತ್ರಗಳ ಮೈಗೂ ಹರಡುತ್ತದೆ. ಬಲ್ಬು ಹೊತ್ತಲಿಲ್ಲವೆಂದು ನೀವು ಇಲ್ಲಿ ತಲೆ ಕೆರೆದುಕೊಳ್ಳುತ್ತಿರುವಾಗ ಪಕ್ಕದ ಮೇಜಿನಲ್ಲಿ ಯಾರೋ ಕೈ ಎಳೆದುಕೊಳ್ಳುತ್ತಾರೆ.

ಮೂರೂ ಅಳತೆ ಸರಿ ಬಂದರೂ ಕೋಲಾರದಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅರ್ತ್ ಗುಂಡಿಯ ರೋಧ 5 ಓಮ್ ಇದ್ದರೂ 500 ಓಮ್ ಇದ್ದರೂ ಅದು 230 ಎಂದೇ ತೋರಿಸುತ್ತದೆ. ನಮ್ಮದು ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿಯಿಲ್ಲದ ನೆಲ. ಕೆಳಗೆ ಬಂಡೆ, ಮೇಲೆ ಕೆಂಪು ಮಣ್ಣು. ಇದ್ದಿಲು, ಉಪ್ಪು ತುಂಬಿ ಮಾಡಿದ ಅರ್ತ್ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿಯೇ ಇದ್ದು, ಮಾರ್ಚ್ ಕಳೆಯುವ ಹೊತ್ತಿಗೆ ಬಿಸ್ಕತ್ತಿನಂತೆ ಒಣಗುತ್ತದೆ. ಗುಂಡಿಯ ರೋಧ 100 ಓಮ್ ಆಯಿತೆಂದುಕೊಳ್ಳಿ. ಸಪ್ಲೈಯೊಳಗೆ ಫೇಸ್ ತಂತಿ ಮೈಗೆ ತಗುಲಿದರೆ ನೆಲಕ್ಕೆ ಹರಿಯುವುದು 230 ಭಾಗಿಸು 100, ಅಂದರೆ 2.3 ಆಂಪ್. 6 ಆಂಪ್‌ನ ಎಂಸಿಬಿ (ಹೆಚ್ಚು ಆಂಪ್ ಹರಿದರೆ ತಾನೇ ಬೀಳುವ ಸ್ವಿಚ್) ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೈ ಹಾಗೆಯೇ ಕರೆಂಟ್ ಹೊತ್ತು ಕೂತಿರುತ್ತದೆ. ಇಂಥ ಕಡೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದೊಡನೆ ಲೈನ್ ಕತ್ತರಿಸುವ ಸ್ವಿಚ್) ಐಷಾರಾಮವಲ್ಲ, ಪ್ರಯೋಗಾಲಯದ ಬಾಗಿಲಿಗೆ ಬೀಗ ಎಷ್ಟು ಅಗತ್ಯವೋ ಅದೂ ಅಷ್ಟೇ ಅಗತ್ಯ. ಗುಂಡಿಯ ರೋಧವನ್ನು ಅರ್ತ್ ಟೆಸ್ಟರ್ ಇರುವ ಲೈಸೆನ್ಸ್ ಪಡೆದ ಎಲೆಕ್ಟ್ರೀಷಿಯನ್ ಕೈಯಲ್ಲಿ ಬೇಸಿಗೆಯಲ್ಲೇ ಅಳೆಸಿ. ಅರ್ತಿಂಗ್ ಹೇಗಿರಬೇಕೆಂಬುದಕ್ಕೆ ಐ.ಎಸ್. 3043 ಎಂಬ ಭಾರತೀಯ ಮಾನಕವಿದೆ, ಕೆಲಸ ಒಪ್ಪಿಸುವಾಗ ಅದರ ಹೆಸರನ್ನೇ ಹೇಳಿ. ಅಲ್ಲಿಯವರೆಗೆ ಗುಂಡಿಗೆ ದಿನಕ್ಕೊಂದು ಕೊಡ ನೀರು ಹಾಕುವುದರಿಂದ ಸ್ವಲ್ಪ ಅನುಕೂಲವೇ.

ಮುಟ್ಟಿದರೆ ಜುಮ್ಮೆನ್ನುತ್ತದೆ

ಈ ದೂರು ಬಂದಾಗ “ಸ್ವಲ್ಪ ಕರೆಂಟ್ ಇರುತ್ತದೆ, ಚಪ್ಪಲಿ ಹಾಕಿಕೊಳ್ಳಿ” ಎಂದು ಹೇಳುವವರನ್ನು ಪ್ರಯೋಗಾಲಯದಿಂದ ದೂರವಿಡಬೇಕು. ಸಪ್ಲೈಯ ಒಳಗೆ ಬರುವ ದಾರಿಯಲ್ಲಿ ಕರೆಂಟಿನ ಜೊತೆ ಬರುವ ವಿದ್ಯುತ್ ಗದ್ದಲ ಸೋಸುವ ಫಿಲ್ಟರ್ ಇದ್ದರೆ, ಅದರಲ್ಲಿ ಫೇಸಿನಿಂದ ಮೈಗೊಂದು, ನ್ಯೂಟ್ರಲಿನಿಂದ ಮೈಗೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ತ್ ಸೇರಿದ್ದರೆ ಅವುಗಳಿಂದ ಸೋರುವ ಅಷ್ಟಿಷ್ಟು ಪ್ರವಾಹ ನೆಲ ಸೇರುತ್ತದೆ. ಅರ್ತ್ ಕಡಿದಿದ್ದರೆ ಎರಡು ಕೆಪಾಸಿಟರುಗಳ ನಡುವೆ ಸಿಕ್ಕ ಮೈ ಅರ್ಧ ವೋಲ್ಟೇಜಿಗೆ, ಅಂದರೆ 115ರ ಸುತ್ತಮುತ್ತ, ಏರಿ ನಿಲ್ಲುತ್ತದೆ. ಸೋರುವುದು ಮಿಲಿಆಂಪ್ ಲೆಕ್ಕದಲ್ಲಾದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಆ ಜುಮ್ಮು ಹೇಳುತ್ತಿರುವುದು ಒಂದೇ ಸಂಗತಿ: ನಾಳೆ ಫೇಸ್ ಪೂರ್ತಿ ಮೈಗೆ ತಗುಲಿದರೆ ಅದನ್ನು ತಡೆಯುವುದಕ್ಕೆ ಏನೂ ಇಲ್ಲ.

ಮನುಷ್ಯರಿಗೆ ಏನೂ ಆಗದಿದ್ದರೂ ಬೋರ್ಡುಗಳು ಸಾಯುತ್ತವೆ. ಮುಂಭಾಗದ ಹಸಿರು ಟರ್ಮಿನಲ್ ಮೈಗೆ ಸೇರಿದ್ದು. ಅದನ್ನು ಕಪ್ಪು (ಮೈನಸ್) ಟರ್ಮಿನಲಿಗೆ ಲೋಹದ ಪಟ್ಟಿಯಿಂದ ಜೋಡಿಸಿದ್ದರೆ ನಿಮ್ಮ ಸರ್ಕ್ಯೂಟಿನ ಸೊನ್ನೆ ವೋಲ್ಟ್ ಎಂಬುದೇ ನೆಲದಿಂದ 115 ವೋಲ್ಟ್ ಎ.ಸಿ. ಮೇಲೆ ತೇಲುತ್ತಿರುತ್ತದೆ. ಅಂಥ ಬೋರ್ಡಿಗೆ ಬೇರೆ ದಾರಿಯಿಂದ ನೆಲಕ್ಕೆ ಸೇರಿದ ಕಂಪ್ಯೂಟರಿನ ಯುಎಸ್‌ಬಿ ಕೇಬಲ್ ಚುಚ್ಚಿದ ಕ್ಷಣದಲ್ಲಿ ಚಿಕ್ಕ ಕಿಡಿ, ಆಮೇಲೆ ಮೌನ. ಮೈಕ್ರೊಕಂಟ್ರೋಲರ್ ಕಳಪೆ ಎಂದು ಬೈದು ಹೊಸದನ್ನು ತರಿಸುತ್ತಾರೆ, ಅದೂ ಹೋಗುತ್ತದೆ.

ಪರೀಕ್ಷೆ ಹೀಗೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದು, ಅದರ ದಪ್ಪ ಉದ್ದದ ಅರ್ತ್ ಪಿನ್ನಿಗೂ ಸಪ್ಲೈಯ ಹಸಿರು ಟರ್ಮಿನಲಿಗೂ ಓಮ್ ಅಳೆಯಿರಿ. ಮೀಟರಿನ ಪ್ರೋಬುಗಳದ್ದೇ 0.2–0.3 ಓಮ್ ಇರುತ್ತದೆ, ಅದನ್ನು ಕಳೆದರೆ ಸೊನ್ನೆಯ ಹತ್ತಿರ ಬರಬೇಕು. ಅಳೆಯುತ್ತಲೇ ಕೇಬಲನ್ನು ಎರಡೂ ತುದಿಯಲ್ಲಿ ಅಲ್ಲಾಡಿಸಿ. ಅಂಕಿ ನೆಗೆದಾಡಿದರೆ ಕೇಬಲ್ ಬದಲಿಸಿ, ಟೇಪು ಸುತ್ತಬೇಡಿ. ಕೇಬಲ್ ಸರಿಯಿದ್ದರೆ ತಪ್ಪು ಗೋಡೆಯದು, ಅಥವಾ ನಡುವೆ ಇರುವ ಎರಡು ಪಿನ್ನಿನ ಅಡಾಪ್ಟರಿನದು. 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ತರಿಸಿಕೊಂಡ ಜಿಲ್ಲೆಯಲ್ಲಿ ಇಂದಿಗೂ ಮೂರನೆಯ ಪಿನ್ನನ್ನು ಅಲಂಕಾರವೆಂದು ತಿಳಿದವರಿದ್ದಾರೆ.

ಸ್ವಿಚ್ ಹಾಕಿದರೂ ದೀಪವೇ ಇಲ್ಲ

ಹಿಂಭಾಗದಲ್ಲಿ ಕೇಬಲ್ ಚುಚ್ಚುವ ಜಾಗದ ಹತ್ತಿರವೇ ಫ್ಯೂಸಿನ ಪುಟ್ಟ ಡ್ರಾಯರ್ ಇಲ್ಲವೇ ತಿರುಗಿಸುವ ಮುಚ್ಚಳ ಇರುತ್ತದೆ. ಮೊದಲು ಪ್ಲಗ್ ಕೀಳಿ, ಆಮೇಲೆ ಅದನ್ನು ತೆಗೆಯಿರಿ. ಸಾಮಾನ್ಯವಾಗಿ 5×20 ಮಿ.ಮೀ. ಗಾತ್ರದ ಗಾಜಿನ ಫ್ಯೂಸ್ ಸಿಗುತ್ತದೆ. ಬೆಳಕಿಗೆ ಹಿಡಿದು ನೋಡಿ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ನಡುವೆ ಬಿಟ್ಟಿದ್ದರೆ ಹೊರೆ ಸ್ವಲ್ಪ ಹೆಚ್ಚಾಗಿ ಅಥವಾ ವಯಸ್ಸಾಗಿ ಹೋಗಿರಬಹುದು, ಅಷ್ಟೇ ಆಂಪಿನ ಹೊಸದನ್ನು ಒಮ್ಮೆ ಹಾಕಿ ನೋಡಬಹುದು. ಗಾಜಿನ ಒಳಮೈ ಕಪ್ಪಾಗಿದ್ದರೆ, ಅಥವಾ ಕನ್ನಡಿಯ ಹಾಗೆ ಬೆಳ್ಳಿ ಬಣ್ಣ ಮೆತ್ತಿದ್ದರೆ, ಒಳಗೆ ನೇರ ಶಾರ್ಟ್ ಆಗಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನ ಇಂಥವು ಹೆಚ್ಚು ಕಾಣಿಸುತ್ತವೆ, ಹೆಚ್ಚುವರಿ ವೋಲ್ಟನ್ನು ತಡೆಯಲು ಒಳಗಿಟ್ಟ ವೇರಿಸ್ಟರ್ ಎಂಬ ಭಾಗ ಸಿಡಿಲಿನ ಹೊಡೆತ ತಿಂದು ಶಾರ್ಟ್ ಆಗಿರುತ್ತದೆ. ಆ ಪೆಟ್ಟಿಗೆಗೆ ಹೊಸ ಫ್ಯೂಸ್ ಹಾಕುವುದು ದಂಡ, ರಿಪೇರಿಗೆ ಕಳುಹಿಸಿ. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸನ್ನೂ ಮೀಟರಿನಲ್ಲಿ ಒಮ್ಮೆ ನೋಡಿ, ಕೆಲವೊಮ್ಮೆ ತಂತಿ ಲೋಹದ ಟೊಪ್ಪಿಯೊಳಗೆ ಕಡಿದಿರುತ್ತದೆ.

ಫ್ಯೂಸಿನ ಟೊಪ್ಪಿಯ ಮೇಲೆ ಅಂಕಿಯ ಮುಂದೆ ಇಂಗ್ಲಿಷಿನ ‘ಟಿ’ ಇದ್ದರೆ ನಿಧಾನದ್ದು, ‘ಎಫ್’ ಇದ್ದರೆ ಚುರುಕಿನದು. ಟ್ರಾನ್ಸ್‌ಫಾರ್ಮರ್ ಇರುವ ಸಪ್ಲೈ ಸ್ವಿಚ್ ಹಾಕಿದ ಕ್ಷಣ ಭಾರಿ ಪ್ರವಾಹ ಎಳೆದು ಕೂಡಲೇ ಶಾಂತವಾಗುತ್ತದೆ. ಅಂಥದ್ದಕ್ಕೆ ನಿಧಾನದ ಫ್ಯೂಸೇ ಬೇಕು. “ಪ್ರತಿ ಸಲ ಆನ್ ಮಾಡಿದಾಗ ಫ್ಯೂಸ್ ಹೋಗುತ್ತದೆ” ಎಂಬ ಸಪ್ಲೈಯಲ್ಲಿ ಯಾರೋ ಎಫ್ ಫ್ಯೂಸ್ ಹಾಕಿರುವ ಸಾಧ್ಯತೆಯನ್ನು ಮೊದಲು ನೋಡಿ. ಬೆಳ್ಳಿ ಹಾಳೆ ಸುತ್ತಿದ ಫ್ಯೂಸ್ ಸಿಕ್ಕಿದರೆ ಎಸೆಯಿರಿ, ಸುತ್ತಿದವರು ಯಾರೆಂದು ವಿಚಾರಿಸಿ.

ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಸಪ್ಲೈ ಕೊಂಡಿದ್ದರೆ ಹಿಂಭಾಗದಲ್ಲಿ 115/230 ಎಂಬ ಆಯ್ಕೆ ಸ್ವಿಚ್ ಹುಡುಕಿ. ಅದು 115ರಲ್ಲಿರುವಾಗ ನಮ್ಮ ಸಾಕೆಟ್ಟಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರಿನ ಕೋರ್ ತಡೆಯಲಾರದೆ ಫ್ಯೂಸ್ ಹಾರುತ್ತದೆ, ಫ್ಯೂಸ್ ದಪ್ಪದ್ದಾಗಿದ್ದರೆ ಒಳಗಿನ ತಂತಿಯ ಸುತ್ತೇ ಸುಡುತ್ತದೆ. ಸ್ವಿಚ್ಚನ್ನು 230ಕ್ಕೆ ತಿರುಗಿಸಿದರೆ ಕೆಲಸ ಮುಗಿಯಲಿಲ್ಲ. 115ಕ್ಕೆ 4 ಆಂಪ್ ಫ್ಯೂಸ್ ಇದ್ದರೆ 230ಕ್ಕೆ ಅದರ ಅರ್ಧ, 2 ಆಂಪ್ ಹಾಕಬೇಕು.

ದೀಪ ಹೊತ್ತುತ್ತದೆ, ವೋಲ್ಟ್ ಬರುವುದಿಲ್ಲ

ರಿಪೇರಿಗೆಂದು ಹೊರಡುವ ಸಪ್ಲೈಗಳಲ್ಲಿ ಹೆಚ್ಚಿನವು ಈ ಜಾತಿಯವು. ಔಟ್‌ಪುಟ್ ಗುಂಡಿ ಒತ್ತಿದ್ದೀರಾ ಎಂದು ಕೇಳುವುದಕ್ಕೆ ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ. ಆಮೇಲೆ ಕರೆಂಟ್ ನಾಬ್. ಅದು ಪೂರ್ತಿ ಎಡಕ್ಕೆ, ಸೊನ್ನೆಯಲ್ಲಿದ್ದರೆ ವೋಲ್ಟ್ ನಾಬನ್ನು ಎಷ್ಟು ತಿರುಗಿಸಿದರೂ ಏನೂ ಏಳುವುದಿಲ್ಲ. ಮಕ್ಕಳು ಪ್ರಯೋಗ ಮುಗಿಸಿ ಹೋಗುವಾಗ ಎಲ್ಲ ನಾಬುಗಳನ್ನೂ ಎಡಕ್ಕೆ ತಿರುಗಿಸಿ ಹೋಗುವುದು ಒಳ್ಳೆಯ ಅಭ್ಯಾಸವೇ, ಮರುದಿನದವರಿಗೆ ಅದು ಕೆಟ್ಟ ಸಪ್ಲೈಯಾಗಿ ಕಾಣುತ್ತದೆ ಅಷ್ಟೆ.

ಮುಂಭಾಗದಲ್ಲಿ ‘ಸಿ.ಸಿ.’ ಎಂಬ ದೀಪ ಹೊತ್ತಿದರೆ ಸಪ್ಲೈ ನೀವು ಇಟ್ಟ ಆಂಪ್ ಮಿತಿಯನ್ನು ಮುಟ್ಟಿ, ಅದನ್ನು ದಾಟದಿರಲು ವೋಲ್ಟ್ ಇಳಿಸುತ್ತಿದೆ ಎಂದಷ್ಟೇ ಲೆಕ್ಕ. ‘ಸಿ.ವಿ.’ ಹೊತ್ತಿದರೆ ಕೇಳಿದ ವೋಲ್ಟ್ ಕೊಡುತ್ತಿದೆ. ಹಲವು ಮಾದರಿಗಳಲ್ಲಿ ಸಿ.ಸಿ. ದೀಪ ಕೆಂಪಾಗಿರುವುದರಿಂದ ಜನ ಅದನ್ನು ದೋಷದ ದೀಪವೆಂದು ಭಾವಿಸಿ ಹೆದರುತ್ತಾರೆ. ಮಿತಿ ಇಡುವ ಕ್ರಮ ಇದು: ವೋಲ್ಟನ್ನು 5ರ ಹತ್ತಿರ ಇಟ್ಟು, ಕೆಂಪು ಮತ್ತು ಕಪ್ಪು ಟರ್ಮಿನಲ್‌ಗಳನ್ನು ಒಂದು ದಪ್ಪ ತಂತಿಯಿಂದ ಸೇರಿಸಿ, ಬೇಕಾದ ಆಂಪ್ ಕಾಣುವವರೆಗೆ ಕರೆಂಟ್ ನಾಬ್ ತಿರುಗಿಸಿ, ತಂತಿ ತೆಗೆಯಿರಿ. ಸಿ.ಸಿ. ಇರುವ ಸಪ್ಲೈಗೆ ಇದರಿಂದ ಹಾನಿಯಿಲ್ಲ. ಹೊಸ ಡಿಜಿಟಲ್ ಮಾದರಿಗಳಲ್ಲಿ ಶಾರ್ಟ್ ಮಾಡದೆಯೇ ಗುಂಡಿಯೊತ್ತಿ ಮಿತಿ ಇಡಬಹುದು. ಗುರುತಿಲ್ಲದ ಬೋರ್ಡಿಗೆ ಮೊದಲ ಸಲ ಕರೆಂಟ್ ಕೊಡುವಾಗ 100 ಮಿಲಿಆಂಪ್‌ನಲ್ಲಿ ಶುರು ಮಾಡಿ. ಬೋರ್ಡು ಅಷ್ಟಕ್ಕೇ ಸಿ.ಸಿ. ಹೊತ್ತಿಸಿದರೆ ಯೋಚಿಸಲು ಸಮಯ ಸಿಗುತ್ತದೆ.

ಇನ್ನೊಂದು ಮೋಸಗಾರ ಮಲ್ಟಿಮೀಟರ್. ಬೆಳಿಗ್ಗೆ ಆಂಪ್ ಅಳೆದವರು ಕೆಂಪು ಪ್ರೋಬನ್ನು 10 ಆಂಪ್ ತೂತಿನಲ್ಲೇ ಬಿಟ್ಟಿರುತ್ತಾರೆ. ಮಧ್ಯಾಹ್ನ ಇನ್ನೊಬ್ಬರು ನಾಬನ್ನು ವೋಲ್ಟಿಗೆ ತಿರುಗಿಸಿ ಪ್ರೋಬುಗಳನ್ನು ಟರ್ಮಿನಲ್‌ಗಳ ಮೇಲಿಡುತ್ತಾರೆ. ನಾಬ್ ಎಲ್ಲಿದ್ದರೇನು, ಆ ತೂತಿನೊಳಗಿರುವುದು ದಪ್ಪ ತಾಮ್ರದ ಪಟ್ಟಿ. ಸಪ್ಲೈ ಶಾರ್ಟ್ ಆಗಿ ಸಿ.ಸಿ.ಗೆ ಹೋಗುತ್ತದೆ, ಡಿಸ್‌ಪ್ಲೇ ಸೊನ್ನೆಗೆ ಬೀಳುತ್ತದೆ, ಮೀಟರ್ ಕೂಡ ಸೊನ್ನೆ ತೋರಿಸುತ್ತದೆ. ಪ್ರೋಬ್ ಎತ್ತಿದ ಕೂಡಲೇ ಡಿಸ್‌ಪ್ಲೇ ಮತ್ತೆ 12ಕ್ಕೆ ಏರಿದರೆ ಕಳ್ಳ ಸಿಕ್ಕಿಬಿದ್ದ. ಅದೇ ಮೀಟರನ್ನು ಅದೇ ಸ್ಥಿತಿಯಲ್ಲಿ ಗೋಡೆಯ ಸಾಕೆಟ್ಟಿಗೆ ಒಯ್ದರೆ ಆಗುವುದು ಸ್ಫೋಟ. ಆದ್ದರಿಂದ ಮೊದಲ ಭಾಗದ ಮೂರು ಅಳತೆಗೆ ಮುನ್ನ ಪ್ರೋಬ್ ಯಾವ ತೂತಿನಲ್ಲಿದೆ ಎಂದು ನೋಡುವುದನ್ನು ಮರೆಯಬಾರದು.

ಕೆಂಪಿಗೂ ಹಸಿರಿಗೂ ನಡುವೆ ಅಳೆದು ವೋಲ್ಟ್ ಇಲ್ಲವೆನ್ನುವವರೂ ಇದ್ದಾರೆ. ಪಟ್ಟಿ ಹಾಕದಿದ್ದರೆ ಔಟ್‌ಪುಟ್‌ಗೂ ಹಸಿರಿಗೂ ಸಂಬಂಧವೇ ಇಲ್ಲ, ಅಲ್ಲಿ ಏನೂ ಬರಬಾರದು. ಎರಡು ಚಾನೆಲ್‌ನ ಸಪ್ಲೈಯಲ್ಲಿ ಒಂದು ಕಡೆಯ ನಾಬುಗಳು ಸತ್ತಂತೆ ಕಂಡರೆ ನಡುವಿನ ಟ್ರ್ಯಾಕಿಂಗ್ ಗುಂಡಿಗಳನ್ನು ನೋಡಿ. ಸೀರೀಸ್ ಅಥವಾ ಪ್ಯಾರಲಲ್ ಒತ್ತಿದ್ದರೆ ಒಂದು ಚಾನೆಲ್ ಇನ್ನೊಂದನ್ನು ಹಿಂಬಾಲಿಸುತ್ತದೆ, ಹಿಂಬಾಲಿಸುವುದರ ನಾಬಿನ ಮಾತು ಕೇಳುವವರಿರುವುದಿಲ್ಲ. ಸೀರೀಸಿನಲ್ಲಿ ಎರಡೂ ಸೇರಿ 60 ವೋಲ್ಟ್ ಆಗುತ್ತದೆಂಬುದು ನೆನಪಿರಲಿ. ಬೆವರಿದ ಕೈಗೆ ಅದು ಸಲೀಸಾದ ವೋಲ್ಟೇಜಲ್ಲ.

ಲೋಡ್ ಹಾಕಿದ ಕೂಡಲೇ ಕುಸಿಯುತ್ತದೆ

ಸಿ.ಸಿ. ದೀಪ ಹೊತ್ತಿದರೆ ಮಿತಿ ಕಡಿಮೆಯಿದೆ, ಇಲ್ಲವೇ ಲೋಡಿನಲ್ಲಿ ಶಾರ್ಟ್ ಇದೆ. ದೀಪ ಹೊತ್ತದೆಯೇ ಕುಸಿದರೆ ವೋಲ್ಟನ್ನು ಎರಡು ಕಡೆ ಅಳೆಯಿರಿ, ಸಪ್ಲೈಯ ಟರ್ಮಿನಲಿನಲ್ಲಿ ಒಮ್ಮೆ, ಲೋಡಿನ ಕಾಲುಗಳಲ್ಲಿ ಒಮ್ಮೆ. ಟರ್ಮಿನಲಿನಲ್ಲಿ 5.00 ಇದ್ದು ಲೋಡಿನಲ್ಲಿ 4.3 ಇದ್ದರೆ ಉಳಿದದ್ದನ್ನು ತಂತಿ ತಿಂದಿದೆ.

ಅಗ್ಗದ ಕ್ರೊಕೊಡೈಲ್ ಕ್ಲಿಪ್ಪಿನ ತಂತಿಯೊಂದರ ರಬ್ಬರ್ ತೋಳನ್ನು ಹಿಂದಕ್ಕೆ ಸರಿಸಿ ನೋಡಿ. ಬೆಸುಗೆ ಇರುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ಕೆಲವೇ ಎಳೆಗಳನ್ನು ಮಡಚಿ ತಗಡಿನ ನಾಲಿಗೆಯ ಕೆಳಗೆ ಒತ್ತಿರುತ್ತಾರೆ, ಅದರಲ್ಲೂ ಎರಡು ಆಗಲೇ ತುಂಡಾಗಿರುತ್ತವೆ. ಒಳಗಿನ ತಾಮ್ರದ ದಪ್ಪ 0.14 ಚದರ ಮಿ.ಮೀ. ಎಂದಿಟ್ಟುಕೊಂಡರೆ, ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್ ತಂತಿಯ ರೋಧ ಸುಮಾರು 0.25 ಓಮ್. 3 ಆಂಪ್ ಹರಿದರೆ ಮುಕ್ಕಾಲು ವೋಲ್ಟ್ ಹೋಯಿತು. 12 ವೋಲ್ಟಿನ ಮೋಟಾರಿಗೆ ಅದು ಗೊತ್ತಾಗುವುದಿಲ್ಲ, 5 ವೋಲ್ಟಿನ ಬೋರ್ಡು ಮಾತ್ರ ಕಾರಣವಿಲ್ಲದೆ ರೀಸೆಟ್ ಆಗುತ್ತಾ ಕೂರುತ್ತದೆ. ಒಂದೂವರೆ ಚದರ ಮಿ.ಮೀ.ಯ ಮೆತ್ತನೆಯ ಬಹುಎಳೆ ತಂತಿಗೆ ಬನಾನಾ ಪ್ಲಗ್ ಬೆಸೆದು ನೀವೇ ಜೋಡಿ ಮಾಡಿಕೊಂಡರೆ ಇದೇ ನಷ್ಟ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ.

ಕೆಲವು ಸಪ್ಲೈಗಳಲ್ಲಿ ‘ಸೆನ್ಸ್’ ಎಂಬ ಇನ್ನೆರಡು ಟರ್ಮಿನಲ್ ಇರುತ್ತವೆ. ಅವನ್ನು ಲೋಡಿನವರೆಗೆ ಒಯ್ದರೆ ಸಪ್ಲೈ ಅಲ್ಲಿನ ವೋಲ್ಟನ್ನು ನೋಡಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಬಳಸದಿದ್ದಾಗ ಅವುಗಳಿಗೂ ಔಟ್‌ಪುಟ್‌ಗೂ ನಡುವೆ ಪುಟ್ಟ ಕೊಂಡಿ ಹಾಕಿರಬೇಕು. ಕೊಂಡಿ ಕಳೆದುಹೋದ ಇಲ್ಲವೇ ಸಡಿಲವಾದ ಸಪ್ಲೈ ವೋಲ್ಟನ್ನು ಇಟ್ಟದ್ದಕ್ಕಿಂತ ಮೇಲೇರಿಸಬಹುದು. ನಿಲ್ಲದೆ ಹಾರುವ ವೋಲ್ಟ್ ಕಂಡಾಗ ಲೋಡ್ ಕಿತ್ತು ಮೊದಲು ಹಿಂಭಾಗದ ಕೊಂಡಿಗಳನ್ನು ಬಿಗಿಗೊಳಿಸಿ.

ಟರ್ಮಿನಲಿನಲ್ಲೇ ವೋಲ್ಟ್ ಬಿದ್ದಿದೆ, ಸಿ.ಸಿ. ಹೊತ್ತಿಲ್ಲ, ಆದರೆ 12 ವೋಲ್ಟ್ ಇಟ್ಟರೆ ಎಲ್ಲ ಸರಿಯಿದ್ದು 30ರಲ್ಲಿ ಮಾತ್ರ ತೊಂದರೆ ಎಂದರೆ ಮತ್ತೆ ಗೋಡೆಗೆ ಹೋಗಿ. ಟ್ರಾನ್ಸ್‌ಫಾರ್ಮರ್ ಬಗೆಯ ಸಪ್ಲೈಗಳು ಸಾಮಾನ್ಯವಾಗಿ 230ರ ಆಚೀಚೆ ಶೇ 10ರವರೆಗೆ ಮಾತ್ರ ಭರವಸೆ ಕೊಡುತ್ತವೆ, ಅಂದರೆ 207ರ ಕೆಳಗೆ ಅವುಗಳ ಮಾತು ನಡೆಯುವುದಿಲ್ಲ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ಹಳ್ಳಿಗಾಡಿನ ಲೈನುಗಳಲ್ಲಿ ವೋಲ್ಟೇಜು ಅದಕ್ಕಿಂತ ಕೆಳಗೆ ಜಾರುವುದುಂಟು. ಆಗ ಔಟ್‌ಪುಟ್ ಬರೀ ಇಳಿಯುವುದಿಲ್ಲ, 100 ಹರ್ಟ್ಸ್‌ನ ಅಲೆ ಅದರೊಳಗೆ ನುಸುಳುತ್ತದೆ, ಸ್ಪೀಕರಿಗೆ ಕೊಟ್ಟರೆ ಗುಂಯ್ ಎನ್ನುತ್ತದೆ. ಬೆಳಿಗ್ಗೆ ಕೆಟ್ಟು ಸಂಜೆ ತಾನೇ ರಿಪೇರಿಯಾಗುವ ಸಪ್ಲೈಗಳ ಗುಟ್ಟು ಇದು. ಸ್ಟೆಬಿಲೈಸರ್ ಹಾಕಿ, ಇಲ್ಲವೇ ಆ ಹೊತ್ತಿನಲ್ಲಿ ಕಡಿಮೆ ವೋಲ್ಟಿನ ಪ್ರಯೋಗ ಮಾಡಿ. ಸ್ಕ್ವೇರ್ ವೇವ್ ಇನ್‌ವರ್ಟರ್ ಮೇಲೆ ಓಡಿಸಿದಾಗಲೂ ಇದೇ ಕಥೆ: ಸೈನ್ ಅಲೆಯ ಶಿಖರ 325 ವೋಲ್ಟ್ ಇರುವಲ್ಲಿ ಚೌಕದ ಅಲೆಯ ಶಿಖರ 230ರ ಹತ್ತಿರ, ಒಳಗಿನ ಡಿ.ಸಿ. ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ.

ಆಸಿಲೋಸ್ಕೋಪ್ ಹತ್ತಿರ ಬಂದಾಗ ಮಾತ್ರ

ಆಸಿಲೋಸ್ಕೋಪ್ ಅಂದರೆ ವೋಲ್ಟಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ. ಕೋಲಾರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಮೇಡಂ ಒಬ್ಬರ ದೂರು ಹೀಗಿತ್ತು.

“ಸರ್, ಪ್ರೋಬ್ ಹಾಕಿದ ತಕ್ಷಣ ಸಪ್ಲೈ ಬಿದ್ದುಹೋಗುತ್ತದೆ. ತೆಗೆದರೆ ಸರಿಯಾಗುತ್ತದೆ. ಸ್ಕೋಪ್ ಕೆಟ್ಟಿದೆಯೋ ಸಪ್ಲೈ ಕೆಟ್ಟಿದೆಯೋ ತಿಳಿಯುತ್ತಿಲ್ಲ.”

“ಪ್ರೋಬಿನ ಮೊನೆ ತಾಗಿಸಿದಾಗಲೋ, ಕ್ಲಿಪ್ ಹಾಕಿದಾಗಲೋ ಮೇಡಂ?”

ಅವರು ಮತ್ತೊಮ್ಮೆ ಮಾಡಿ ನೋಡಿದರು. ಮೊನೆಯಿಂದ ಏನೂ ಆಗಲಿಲ್ಲ. ಕಪ್ಪು ಕ್ಲಿಪ್ಪನ್ನು ರೆಸಿಸ್ಟರಿನ ಕಾಲಿಗೆ ಕಚ್ಚಿಸಿದ ಕೂಡಲೇ ಸಿ.ಸಿ. ಹೊತ್ತಿತು. ಸಪ್ಲೈಯ ಮುಂಭಾಗ ನೋಡಿದರೆ ಕಪ್ಪು ಮತ್ತು ಹಸಿರು ಟರ್ಮಿನಲ್‌ಗಳ ನಡುವೆ ಹಿತ್ತಾಳೆಯ ಪಟ್ಟಿ. ವರ್ಷಗಳ ಕೈಬೆವರಿಗೆ ಕಪ್ಪಾಗಿ, ಟರ್ಮಿನಲಿನದ್ದೇ ಒಂದು ಭಾಗವೆಂಬಂತೆ ಕೂತಿತ್ತು. ಅದು ಬಿಚ್ಚಬಹುದಾದದ್ದು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸ್ಕೋಪಿನ ಕ್ಲಿಪ್ ಅದರ ಪ್ಲಗ್ಗಿನ ಅರ್ತ್ ಪಿನ್ನಿಗೆ ನೇರವಾಗಿ ಸೇರಿರುತ್ತದೆ. ಪಟ್ಟಿಯ ದೆಸೆಯಿಂದ ಸಪ್ಲೈಯ ಮೈನಸ್ ಕೂಡ ಅದೇ ಅರ್ತಿಗೆ ಸೇರಿತ್ತು. ಅವರು ಕ್ಲಿಪ್ ಹಾಕಿದ್ದು ಸರ್ಕ್ಯೂಟಿನ ನಡುವೆ, 7 ವೋಲ್ಟ್ ಇರುವ ಬಿಂದುವಿಗೆ. ಆ 7 ವೋಲ್ಟ್ ಸ್ಕೋಪಿನ ಅರ್ತ್ ಮೂಲಕ ಗೋಡೆಗೆ ಹೋಗಿ, ಗೋಡೆಯಿಂದ ಸಪ್ಲೈಯ ಮೈನಸ್ಸಿಗೆ ಬಂದು ಶಾರ್ಟ್ ಆಗುತ್ತಿತ್ತು. ಎರಡೂ ಯಂತ್ರ ಆರೋಗ್ಯವಾಗಿದ್ದವು. ಪಟ್ಟಿ ತೆಗೆದೊಡನೆ ತೊಂದರೆ ನಿಂತಿತು. ಪಟ್ಟಿ ಬೇಕೇಬೇಕೆನ್ನುವ ಪ್ರಯೋಗದಲ್ಲಿ ಎರಡು ಪ್ರೋಬು ಬಳಸಿ, ಎರಡರ ಕ್ಲಿಪ್ಪನ್ನೂ ಮೈನಸ್ಸಿಗೇ ಹಾಕಿ, ಸ್ಕೋಪಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ನೋಡಬೇಕು.

ಇದೇ ತೊಂದರೆಗೆ ಇನ್ನೊಂದು ಪರಿಹಾರವೂ ಪ್ರಚಾರದಲ್ಲಿದೆ: ಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವುದು. ಸಪ್ಲೈಯ ಮೈ ಜುಮ್ಮೆನ್ನುವ ಬಗ್ಗೆ ಬರೆದದ್ದೆಲ್ಲ ಆಗ ಸ್ಕೋಪಿನ ಮೈಗೂ ಅನ್ವಯಿಸುತ್ತದೆ, ಜೊತೆಗೆ ನೀವು ಕ್ಲಿಪ್ ಹಾಕಿದ ಬಿಂದುವಿನ ವೋಲ್ಟೇಜು ಸ್ಕೋಪಿನ ಕಬ್ಬಿಣದ ತುಂಬ ಹರಡುತ್ತದೆ.

ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ

ಬಿಸಿ. ಟ್ರಾನ್ಸ್‌ಫಾರ್ಮರ್ ಬಗೆಯ ಸಪ್ಲೈ ಕಡಿಮೆ ವೋಲ್ಟು, ಹೆಚ್ಚು ಆಂಪ್ ಕೊಡುವಾಗಲೇ ಹೆಚ್ಚು ಬೇಯುತ್ತದೆ. ಒಳಗೆ 40 ವೋಲ್ಟ್ ಇದ್ದು ಹೊರಗೆ 5 ವೋಲ್ಟ್, 3 ಆಂಪ್ ಕೊಟ್ಟರೆ ಲೋಡಿಗೆ ಹೋಗುವುದು 15 ವ್ಯಾಟ್, ಒಳಗೆ ಸುಡುವುದು 105 ವ್ಯಾಟ್. ಇದನ್ನು ತಗ್ಗಿಸಲು ಕೆಲವು ಮಾದರಿಗಳು ವೋಲ್ಟ್ ಏರಿಸುವಾಗ ರಿಲೇಯಿಂದ ಸುತ್ತು ಬದಲಿಸುತ್ತವೆ. ಆ ‘ಟಕ್’ ಸದ್ದು ದೋಷವಲ್ಲ. ಹಿಂಭಾಗಕ್ಕೂ ಗೋಡೆಗೂ ಅಂಗೈ ಅಗಲದ ಜಾಗ ಬಿಡಿ, ಮೇಲೆ ರೆಕಾರ್ಡ್ ಪುಸ್ತಕ ಪೇರಿಸಬೇಡಿ. ಕಲ್ಲುಕ್ವಾರಿ, ಜಲ್ಲಿ ಕ್ರಷರ್ ಹತ್ತಿರವಿರುವ ಕಟ್ಟಡವಾದರೆ ಫ್ಯಾನಿನ ಜಾಲರಿಯನ್ನು ಪ್ಲಗ್ ಕಿತ್ತು ಆಗಾಗ ಬ್ರಷ್ಷಿನಿಂದ ಗುಡಿಸಿ.

ಬ್ಯಾಟರಿ ಮತ್ತು ಮೋಟಾರ್

ಸ್ಪ್ರೇಯರಿನ 12 ವೋಲ್ಟ್ ಬ್ಯಾಟರಿಯನ್ನು ಸಪ್ಲೈಗೆ ಜೋಡಿಸಿ, ಕರೆಂಟ್ ಹೋದಾಗ ಹಾಗೆಯೇ ಬಿಟ್ಟರೆ ಬ್ಯಾಟರಿಯೇ ಸಪ್ಲೈಯೊಳಕ್ಕೆ ಪ್ರವಾಹ ತಳ್ಳುತ್ತದೆ. ಪ್ಲಸ್ ತಂತಿಯಲ್ಲಿ ತಕ್ಕ ಆಂಪ್‌ನ ಡಯೋಡ್ ಮತ್ತು ಫ್ಯೂಸ್ ಇರಲಿ. ಡಯೋಡಿನಲ್ಲಿ ಅರ್ಧದಿಂದ ಮುಕ್ಕಾಲು ವೋಲ್ಟ್ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿ ವೋಲ್ಟ್ ಇಡಿ. ಬ್ಯಾಟರಿಯನ್ನು ಉಲ್ಟಾ ಜೋಡಿಸಿದರೆ ಸಪ್ಲೈಯ ಔಟ್‌ಪುಟ್ ಕಡೆಯ ಭಾಗಗಳು ನಿಮ್ಮ ಕೈ ಹಿಂದಕ್ಕೆ ಬರುವ ಮೊದಲೇ ಹೋಗಿರುತ್ತವೆ. ಮೋಟಾರಿನ ಮೇಲೆ, ರಿಲೇ ಕಾಯಿಲ್ ಮೇಲೆ ಉಲ್ಟಾ ಡಯೋಡ್ ಹಾಕುವುದನ್ನು ಪಠ್ಯದಲ್ಲೇ ಹೇಳಿಕೊಟ್ಟಿರುತ್ತಾರೆ, ಮೇಜಿನ ಮೇಲೆ ಕಾಣುವುದು ಅಪರೂಪ.

ನಿಜವಾಗಿಯೂ ಕೆಟ್ಟಾಗ

ಗೋಡೆ ಸರಿಯಿದೆ, ಕೇಬಲ್ ಸರಿಯಿದೆ, ಲೋಡ್ ಕಿತ್ತಿದೆ, ಕೊಂಡಿಗಳು ಬಿಗಿಯಾಗಿವೆ, ಕರೆಂಟ್ ನಾಬ್ ನಡುವಿನಲ್ಲಿದೆ. ಆದರೂ ವೋಲ್ಟ್ ನಾಬ್ ಮಾತು ಕೇಳದೆ ಔಟ್‌ಪುಟ್ ಪೂರ್ತಿ 30ಕ್ಕಿಂತ ಮೇಲೆ ಹೋಗಿ ನಿಂತಿದ್ದರೆ ಔಟ್‌ಪುಟ್ ವೋಲ್ಟನ್ನು ಹಿಡಿತದಲ್ಲಿಡುವ ಒಳಗಿನ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಹೊಸ ಫ್ಯೂಸ್ ಮತ್ತೆ ಕಪ್ಪಾದರೆ, ಸುಟ್ಟ ವಾಸನೆ ಬಂದರೆ, ಲೋಡಿಲ್ಲದೆಯೇ ಆರ್‌ಸಿಸಿಬಿ ಪ್ರತಿ ಸಲ ಬಿದ್ದರೆ ಇನ್ನು ಪರೀಕ್ಷಿಸಬೇಡಿ. ಬೇರೆ ಯಂತ್ರಗಳನ್ನೆಲ್ಲ ಕಿತ್ತು ಇದೊಂದನ್ನೇ ಹಾಕಿದಾಗಲೂ ಬೀಳುತ್ತದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಒಂದೇ ಸಾಲಿನಲ್ಲಿ ಹತ್ತಾರು ಸಪ್ಲೈಗಳ ಫಿಲ್ಟರ್ ಸೋರಿಕೆ ಸೇರಿದರೂ 30 ಮಿಲಿಆಂಪ್‌ನ ಆರ್‌ಸಿಸಿಬಿ ಬೀಳಬಹುದು, ಆಗ ಮಾಡಬೇಕಾದದ್ದು ಸಾಲನ್ನು ಎರಡು ಆರ್‌ಸಿಸಿಬಿಗಳಿಗೆ ಹಂಚುವುದು.

ಕೆಟ್ಟದ್ದನ್ನು ಕಳುಹಿಸುವಾಗ ಪ್ಲಗ್ಗಿನ ಪಿನ್ನುಗಳಿಗೆ ಟೇಪು ಸುತ್ತಿ, ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ. ‘ವರ್ಕ್ ಆಗುತ್ತಿಲ್ಲ’ ಎಂದು ಬರೆಯಬೇಡಿ. ಆ ಹೊತ್ತಿನಲ್ಲಿ ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಇತ್ತು, ಸಿ.ಸಿ. ಹೊತ್ತಿತ್ತೋ ಸಿ.ವಿ. ಹೊತ್ತಿತ್ತೋ, ಲೋಡ್ ಇಲ್ಲದೆ ಟರ್ಮಿನಲಿನಲ್ಲಿ ಎಷ್ಟು ಬಂತು, ತೆಗೆದ ಫ್ಯೂಸಿನ ಗಾಜು ಯಾವ ಬಣ್ಣದಲ್ಲಿತ್ತು ಎಂದು ಬರೆದು, ಆ ಫ್ಯೂಸನ್ನೂ ಚೀಟಿಯ ಜೊತೆಗೇ ಅಂಟಿಸಿ ಕಳುಹಿಸಿ.